ವಾಸನೆ ನೋಡಿ, ಚೆನ್ನಾಗಿ ಬಿಸಿ ಮಾಡಿಯೇ ತಿಂದೆವು. ಆದರೂ ಎಲ್ಲರೂ ಹಾಸಿಗೆ ಹಿಡಿದದ್ದು ಏಕೆ?

ಅಡುಗೆಮನೆಯವಳು

ಕಳೆದ ಶನಿವಾರ ಮನೆಗೆ ನೆಂಟರು ಬಂದಿದ್ದರು. ಇಪ್ಪತ್ತೈದು ಜನರಿಗೆ ಸಾಕಾಗುವಷ್ಟು ಅನ್ನ ಮಾಡಿದ್ದೆ, ಬಂದದ್ದು ಹದಿನೈದು ಜನ. ಉಳಿದದ್ದನ್ನು ಅದೇ ಆಳದ ಪಾತ್ರೆಯಲ್ಲಿ, ತಟ್ಟೆ ಮುಚ್ಚಿ, ಒಲೆಯ ಪಕ್ಕದಲ್ಲೇ ಬಿಟ್ಟು ಮಲಗಿದೆ. ಬೆಳಿಗ್ಗೆ ಮುಚ್ಚಳ ತೆಗೆದು ಮೂಸಿ ನೋಡಿದೆ, ಹಳಸಿರಲಿಲ್ಲ. ಬೆರಳಿಗೆ ಅಂಟಲಿಲ್ಲ, ನೂಲು ಬಿಡಲಿಲ್ಲ. ಹಬೆಯಾಡುವವರೆಗೆ ಬಿಸಿ ಮಾಡಿ ನಾಲ್ವರೂ ತಿಂದೆವು. ಮೂರು ಗಂಟೆ ಕಳೆಯುವುದರೊಳಗೆ ಒಬ್ಬರಾದ ಮೇಲೆ ಒಬ್ಬರಿಗೆ ವಾಂತಿ. ಎಪ್ಪತ್ತೆರಡು ವರ್ಷದ ಅತ್ತೆಯವರಿಗೆ ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿಸಬೇಕಾಯಿತು. ಈಗ ಚೇತರಿಸಿಕೊಂಡಿದ್ದಾರೆ, ಆದರೆ ನನಗೆ ನಿದ್ದೆ ಬರುತ್ತಿಲ್ಲ.

ಬಿಸಿ ಮಾಡಿದರೆ ಕ್ರಿಮಿ ಸಾಯುತ್ತದೆ ಎಂದು ನಂಬಿಕೊಂಡು ಬಂದವಳು ನಾನು. ತಪ್ಪಿದ್ದು ಎಲ್ಲಿ? ಇನ್ನೊಂದು ಪ್ರಶ್ನೆಯೂ ಇದೆ. ಸಿದ್ಧ ಆಹಾರ ತಯಾರಿಸುವ ಕಾರ್ಖಾನೆಗಳು ಇದೇ ಕೆಲಸವನ್ನು ಟನ್‌ಗಟ್ಟಲೆ ಮಾಡುತ್ತವೆ. ಒಂದು ಪಾತ್ರೆಯಲ್ಲಿ ನಾನು ಸೋತದ್ದನ್ನು ಅವರು ದಿನವೂ ಹೇಗೆ ನಿಭಾಯಿಸುತ್ತಾರೆ?

ಸೂಕ್ಷ್ಮದರ್ಶಿ

ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಇದೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ಆದರೆ ನೀವು ಬರೆದ ಲಕ್ಷಣ ನೋಡಿದರೆ ಮೊದಲು ಅನುಮಾನ ಬರುವುದು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಇದು ಮಣ್ಣಿನಲ್ಲಿ ಇರುವಂಥದ್ದು. ಅಕ್ಕಿಯ ಜೊತೆ ಅಡುಗೆಮನೆಗೆ ಬರುತ್ತದೆ. ಕಷ್ಟಕಾಲಕ್ಕೆಂದು ಗಟ್ಟಿ ಕವಚದ ಬೀಜಾಣುವಾಗಿ ಮುದುರಿಕೊಂಡಿರುತ್ತದೆ, ಆ ಬೀಜಾಣು ಕುದಿಯುವ ನೀರಿನಲ್ಲೂ ಬದುಕುತ್ತದೆ. ಅನ್ನ ಬೇಯುವಾಗ ಉಳಿದ ಕ್ರಿಮಿಗಳೆಲ್ಲ ಸತ್ತು ಇದಕ್ಕೆ ಪೈಪೋಟಿಯೇ ಇಲ್ಲದಂತಾಗುತ್ತದೆ. ಪಾತ್ರೆ ಮೆಲ್ಲಗೆ ಆರುತ್ತಾ ಉಗುರು ಬೆಚ್ಚಗಿನ ಹಂತಕ್ಕೆ ಬಂದಾಗ ಬೀಜಾಣು ಮೊಳೆಯುತ್ತದೆ, ರಾತ್ರಿಯೆಲ್ಲ ಹೆಚ್ಚುತ್ತದೆ, ಹೆಚ್ಚುತ್ತಾ ಸೆರಿಯುಲೈಡ್ ಎಂಬ ವಿಷವನ್ನು ಬಿಡುತ್ತದೆ.

ಬೆಳಿಗ್ಗೆ ನೀವು ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸತ್ತಿರಬಹುದು. ವಿಷ ಸಾಯುವ ವಸ್ತುವಲ್ಲ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಿಮಿಷ ಇಟ್ಟರೂ ಸೆರಿಯುಲೈಡ್ ಕೆಡುವುದಿಲ್ಲ. ಮನೆಯಲ್ಲಿ ಅನ್ನ ಬಿಸಿ ಮಾಡುವಾಗ ಅಷ್ಟು ಬಿಸಿ ಅಷ್ಟು ಹೊತ್ತು ಇರುವುದೇ ಇಲ್ಲ. ಅದರಿಂದ ಬರುವ ವಾಂತಿ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಶುರುವಾಗುತ್ತದೆ, ನಿಮ್ಮ ಮೂರು ಗಂಟೆಗೆ ಹೊಂದುತ್ತದೆ. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಇದೇ ರೀತಿ ನಡೆದುಕೊಳ್ಳುತ್ತದೆ. ಅದು ಮಣ್ಣಿನಿಂದಲ್ಲ, ನಮ್ಮ ಚರ್ಮ, ಮೂಗಿನಿಂದ ಬರುತ್ತದೆ. ಅದರ ವಿಷವೂ ಬಿಸಿಗೆ ಬಗ್ಗುವುದಿಲ್ಲ.

ವಾಸನೆಯ ವಿಚಾರ. ಆಹಾರವನ್ನು ಹಳಸುವಂತೆ ಮಾಡುವ ಕ್ರಿಮಿಗಳ ಗುಂಪೇ ಬೇರೆ, ಕಾಯಿಲೆ ತರುವ ಕ್ರಿಮಿಗಳ ಗುಂಪೇ ಬೇರೆ. ಮೊದಲನೆಯವು ಮೂಗಿಗೆ ಸುಳಿವು ಕೊಡುತ್ತವೆ, ಎರಡನೆಯವು ಬಹಳ ಸಲ ಕೊಡುವುದಿಲ್ಲ. ನಿಮ್ಮ ಮೂಗು ತಪ್ಪು ಮಾಡಲಿಲ್ಲ, ಅದಕ್ಕೆ ಗೊತ್ತಾಗದ ಪ್ರಶ್ನೆಯನ್ನು ಕೇಳಿದಿರಿ ಅಷ್ಟೆ.

ಮೌನ ಓದುಗ

ನಮ್ಮ ಮನೆಯಲ್ಲಿ ಹೀಗಾದಾಗ ಕೊನೆಯ ಸಲ ಹೊರಗೆ ಎಲ್ಲಿ ತಿಂದೆವೋ ಅವರನ್ನು ಬೈದು ಸುಮ್ಮನಾಗುತ್ತೇವೆ. ಅದು ಸರಿಯೇ?

ನಿವೃತ್ತ ತನಿಖಾಧಿಕಾರಿ

ಬಹಳ ಸಲ ತಪ್ಪು. ತಿಂದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ 6ರಿಂದ 24 ಗಂಟೆ ತೆಗೆದುಕೊಳ್ಳುತ್ತದೆ. ಸಾಲ್ಮೊನೆಲ್ಲಾ ಆರು ಗಂಟೆಯಿಂದ ಆರು ದಿನ. ಲಿಸ್ಟೀರಿಯಾಕ್ಕೆ ಕೆಲವೊಮ್ಮೆ ಹತ್ತು ವಾರ. ಹತ್ತು ವಾರದ ಹಿಂದೆ ಏನು ತಿಂದಿರಿ ಎಂದು ಕೇಳಿದರೆ ಯಾರಿಗೆ ನೆನಪಿರುತ್ತದೆ? ನನ್ನ ವೃತ್ತಿಯ ಅರ್ಧ ಕೆಲಸ ಜನರ ಎದುರು ಕುಳಿತು, ನಾಲ್ಕು ದಿನದ ಊಟವನ್ನು ಒಂದೊಂದೇ ತುತ್ತಾಗಿ ನೆನಪಿಸುವುದಾಗಿತ್ತು.

2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿದಾಗ ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಆರೋಪ ಬಂತು. ಸ್ಪೇನಿನ ರೈತರು ಬೆಳೆ ಸುರಿದರು. ಕೊನೆಗೆ ಪತ್ತೆಯಾದದ್ದು ಮೊಳಕೆ ಬರಿಸಿದ ಮೆಂತ್ಯ. ಒಟ್ಟು ಸುಮಾರು 3,800 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಆ ಮೊಳಕೆಯನ್ನು ಸಲಾಡ್‌ನಲ್ಲಿ ತಿಂದವರಲ್ಲಿ ಎಷ್ಟೋ ಜನರಿಗೆ ತಾವು ಅದನ್ನು ತಿಂದದ್ದೇ ನೆನಪಿರಲಿಲ್ಲ.

ಪಾಳಿ ಮೇಲ್ವಿಚಾರಕ

ಹಾಲು ಸಂಸ್ಕರಿಸುವ ಘಟಕದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ, ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಕೊನೆಯಲ್ಲಿ ಪರೀಕ್ಷೆ ಮಾಡಿ ಒಳ್ಳೆಯದನ್ನು ಮಾರುತ್ತಾರೆ, ಕೆಟ್ಟದ್ದನ್ನು ಎಸೆಯುತ್ತಾರೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಕೆಲಸಕ್ಕೆ ಸೇರುವಾಗ ನಾನೂ ಹಾಗೆಯೇ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ. ಸಾವಿರಕ್ಕೆ ಒಂದು ಪೊಟ್ಟಣದಲ್ಲಿ ರೋಗಾಣು ಇದೆ ಎಂದಿಟ್ಟುಕೊಳ್ಳೋಣ. 60 ಪೊಟ್ಟಣಗಳನ್ನು ಒಡೆದು ಪರೀಕ್ಷಿಸಿದರೂ ಅದು ಕೈಗೆ ಸಿಗದೆ ಹೋಗುವ ಸಾಧ್ಯತೆ ಶೇಕಡಾ 94. ನೂರಕ್ಕೆ ಒಂದರಲ್ಲಿ ಇದ್ದರೂ ಅರ್ಧಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಳ್ಳುತ್ತದೆ. ಒಡೆದ ಪೊಟ್ಟಣವನ್ನು ಮಾರುವಂತಿಲ್ಲ. ಎಲ್ಲವನ್ನೂ ಪರೀಕ್ಷಿಸಿದರೆ ಮಾರಲು ಏನೂ ಉಳಿಯುವುದಿಲ್ಲ.

1960ರ ದಶಕದಲ್ಲಿ ಗಗನಯಾತ್ರಿಗಳಿಗೆ ಆಹಾರ ಸಿದ್ಧಪಡಿಸುತ್ತಿದ್ದ ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಅಮೆರಿಕದ ಸೇನೆಯ ಪ್ರಯೋಗಾಲಯದವರು ತಲೆಕೆಡಿಸಿಕೊಂಡದ್ದು ಇದೇ ಗಂಟಿನ ಬಗ್ಗೆ. ಆಕಾಶದಲ್ಲಿ ವಾಂತಿಭೇದಿ ಆದರೆ ಗತಿಯೇನು? ಪಿಲ್ಸ್‌ಬರಿಯ ಹೋವರ್ಡ್ ಬೌಮನ್ ಮತ್ತು ಜೊತೆಗಾರರು ಪ್ರಶ್ನೆಯನ್ನೇ ತಿರುಗಿಸಿದರು. ತಯಾರಾದ ಆಹಾರದಲ್ಲಿ ದೋಷ ಹುಡುಕುವ ಬದಲು, ತಯಾರಿಯ ಯಾವ ಹಂತದಲ್ಲಿ ಯಾವ ಅಪಾಯ ನುಸುಳಬಹುದು, ಯಾವ ಹಂತ ಕೈತಪ್ಪಿದರೆ ಮುಂದೆ ಸರಿಪಡಿಸಲಾಗದು ಎಂದು ಗುರುತಿಸಿ ಅಲ್ಲೇ ಕಾವಲು ಕೂರಿಸುವುದು. ಅಪಾಯ ವಿಶ್ಲೇಷಣೆ ಮತ್ತು ನಿರ್ಣಾಯಕ ನಿಯಂತ್ರಣ ಬಿಂದು ಎಂದು ಪೂರ್ತಿ ಹೆಸರು. ಕಾರ್ಖಾನೆಯಲ್ಲಿ ಎಲ್ಲರೂ ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಹ್ಯಾಸಪ್ ಎನ್ನುತ್ತಾರೆ. 1971ರಲ್ಲಿ ಅದನ್ನು ಸಾರ್ವಜನಿಕವಾಗಿ ಮಂಡಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿಯಾಗಿ ಆಹಾರದ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗ 1993ರಲ್ಲಿ ಅದರ ಮಾರ್ಗಸೂಚಿಯನ್ನು ಅಂಗೀಕರಿಸಿತು.

ನಮ್ಮಲ್ಲಿ ಅದು ಹೇಗೆ ಕಾಣುತ್ತದೆ ಎಂದರೆ, ಹಾಲು 72 ಡಿಗ್ರಿಯಲ್ಲಿ ಕನಿಷ್ಠ 15 ಸೆಕೆಂಡ್ ಇರಲೇಬೇಕು. ಆ 15 ಸೆಕೆಂಡ್ ಎಂಬುದು ಗೋಡೆಯ ಗಡಿಯಾರದಲ್ಲಿ ಇಲ್ಲ, ಒಂದು ಕೊಳವೆಯ ಉದ್ದದಲ್ಲಿದೆ. ಹಾಲು ಎಷ್ಟೇ ವೇಗವಾಗಿ ಹರಿದರೂ ಆ ಕೊಳವೆಯನ್ನು ದಾಟಲು ಅಷ್ಟು ಹೊತ್ತು ಬೇಕಾಗುವಂತೆ ಪಂಪಿನ ವೇಗಕ್ಕೆ ಬೀಗಮುದ್ರೆ ಹಾಕಿರುತ್ತಾರೆ. ಕೊಳವೆಯ ಕೊನೆಯಲ್ಲಿ ಒಂದು ಕವಾಟ. ಉಷ್ಣತೆ ಮಿತಿಗಿಂತ ಕೆಳಗಿಳಿದರೆ ಕವಾಟ ತಾನಾಗಿ ತಿರುಗಿ ಹಾಲನ್ನು ಮತ್ತೆ ಮೊದಲ ತೊಟ್ಟಿಗೆ ಕಳುಹಿಸುತ್ತದೆ. ಆಗ ಧಡ್ ಎಂದು ಶಬ್ದವಾಗುತ್ತದೆ. ಮನೆಯಲ್ಲಿ ಬಾಗಿಲು ಬಡಿದರೆ ಇಂದಿಗೂ ನಾನು ತಿರುಗಿ ನೋಡುತ್ತೇನೆ. ಬಿಸಿ ಹಾಲು ತಣ್ಣನೆಯ ಹಸಿ ಹಾಲಿಗೆ ತಗಡುಗಳ ಮೂಲಕ ಶಾಖ ಕೊಡುವ ಜಾಗದಲ್ಲಿ, ಸಂಸ್ಕರಿಸಿದ ಹಾಲಿನ ಕಡೆಗೆ ಒತ್ತಡ ಹೆಚ್ಚಿರಬೇಕು. ತಗಡಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಒಳ್ಳೆಯ ಹಾಲು ಹಸಿ ಹಾಲಿನೊಳಗೆ ಸೋರಬೇಕು, ಹಸಿಯದು ಈ ಕಡೆಗೆ ಬರಬಾರದು.

ಈಗ ನಿಮ್ಮ ಪಾತ್ರೆಗೆ ಬರೋಣ. 2000ನೇ ಇಸವಿಯಲ್ಲಿ ಜಪಾನಿನ ಹೊಕ್ಕೈಡೊದ ಒಂದು ಹಾಲಿನ ಪುಡಿಯ ಕಾರ್ಖಾನೆಯಲ್ಲಿ ಸುಮಾರು ಮೂರು ಗಂಟೆ ವಿದ್ಯುತ್ ಹೋಯಿತು. ಹಾಲು ಬೆಚ್ಚಗೆ ನಿಂತಿತು, ಸ್ಟೆಫಿಲೊಕಾಕಸ್ ಬೆಳೆದು ವಿಷ ಬಿಟ್ಟಿತು. ಆಮೇಲೆ ಅದನ್ನು ಬಿಸಿ ಮಾಡಿ ಪುಡಿಯಾಗಿಸಿದರು. ಬ್ಯಾಕ್ಟೀರಿಯಾ ಸತ್ತಿತು, ವಿಷ ಉಳಿಯಿತು. ಆ ಪುಡಿ ಬಳಸಿ ಒಸಾಕಾದಲ್ಲಿ ತಯಾರಿಸಿದ ಕಡಿಮೆ ಕೊಬ್ಬಿನ ಹಾಲು ಕುಡಿದು 13,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಇಡೀ ಕಾರ್ಖಾನೆಯ ಪರಿಣತರು ಮಾಡಿದ ತಪ್ಪೂ ನಿಮ್ಮ ತಪ್ಪೂ ಒಂದೇ: ಆಮೇಲೆ ಬಿಸಿ ಮಾಡುತ್ತೇವಲ್ಲ ಎಂಬ ಭರವಸೆ. ದಯವಿಟ್ಟು ನಿಮ್ಮನ್ನೇ ಅಷ್ಟು ಹಳಿದುಕೊಳ್ಳಬೇಡಿ.

ಅಳತೆಗೋಲು

ಕೇಳಲು ಚೆನ್ನಾಗಿದೆ. ಆದರೆ ನಾನು ಸುರಕ್ಷತೆಯ ಪರಿಶೋಧಕನಾಗಿ ಆಹಾರ ಘಟಕಗಳಿಗೆ ಹೋಗುತ್ತೇನೆ. ಒಂದು ಕಡೆ ತೆಗೆದ ಉಷ್ಣತೆಯ ಪುಸ್ತಕದಲ್ಲಿ ಹನ್ನೊಂದು ದಿನ, ಪ್ರತಿ ಅರ್ಧ ಗಂಟೆಗೆ, 72.4 ಎಂದೇ ಇತ್ತು. ಒಂದೇ ನೀಲಿ ಪೆನ್ನು, ಒಂದೇ ಓರೆಯ ಅಕ್ಷರ, ಮೂರು ಪಾಳಿಗೂ. ಒಂದು ಸಾಲಿನಲ್ಲಿ ನಾಳೆಯ ಬೆಳಗಿನ ಆರು ಗಂಟೆಯ ಅಂಕಿಯೂ ಬರೆದಾಗಿತ್ತು. ಗೋಡೆಯ ಮೇಲೆ ಮಾತ್ರ ಚೌಕಟ್ಟು ಹಾಕಿದ ಪ್ರಮಾಣಪತ್ರ ಹೊಳೆಯುತ್ತಿತ್ತು. ಗ್ರಾಹಕನಿಗೆ ಕಾಣುವುದು ಆ ಪತ್ರದ ಗುರುತು ಮಾತ್ರ. ಅದನ್ನು ನಂಬಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ?

ಪಾಳಿ ಮೇಲ್ವಿಚಾರಕ

ನೀವು ಹೇಳಿದ್ದು ಸುಳ್ಳಲ್ಲ. ನಾನೂ ಅಂಥ ಪುಸ್ತಕ ನೋಡಿದ್ದೇನೆ, ಅದೂ ನಾನೇ ಹೊಣೆ ಹೊತ್ತಿದ್ದ ಪಾಳಿಯದು. ನಿಜವಾದ ಅಂಕಿಗಳು ಅಲುಗಾಡುತ್ತವೆ: 72.9, 73.3, 72.7. ಅಲುಗಾಡದ ಅಂಕಿ ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ಬರೆದ ಹುಡುಗನನ್ನು ಕರೆದು ಕೇಳಿದೆ. ಅವನೊಬ್ಬನಿಗೇ ಎರಡು ಯಂತ್ರ, ಒಂದು ಕೊಳಾಯಿ, ಲಾರಿ ತುಂಬಿಸುವ ಕೆಲಸ. ಅರ್ಧ ಗಂಟೆಗೊಮ್ಮೆ ಮೆಟ್ಟಿಲು ಹತ್ತಿ ಉಷ್ಣಮಾಪಕ ನೋಡಲು ಅವನಿಗೆ ಸಮಯವೇ ಇರಲಿಲ್ಲ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಅಂಕಿ ಕಡಿಮೆ ಬಂದರೆ ಯಂತ್ರ ನಿಲ್ಲಿಸುವ ಅಧಿಕಾರ ತನಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಿಲ್ಲಿಸಲಾಗದವನು ಅಳೆದು ಏನು ಮಾಡಿಯಾನು? ಸುಮ್ಮನೆ ಬರೆಯುತ್ತಾನೆ.

ಇನ್ನೊಂದು ರಾತ್ರಿ ಒಬ್ಬ ಯಂತ್ರ ನಿರ್ವಾಹಕಿ ಎರಡು ಉಷ್ಣಮಾಪಕಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸ ಕಂಡು ಉತ್ಪಾದನಾ ಸಾಲನ್ನೇ ನಿಲ್ಲಿಸಿದಳು. ಹೊರಗೆ ಲಾರಿಗಳು ನಿಂತವು, ಮೇಲಿನವರು ಫೋನಿನಲ್ಲಿ ಕೂಗಾಡಿದರು. ನೋಡಿದರೆ, ಮಿತಿಗೆ ತಕ್ಕಂತೆ ಕವಾಟವನ್ನು ತಿರುಗಿಸುವ ಮಾಪಕವೇ ಹೆಚ್ಚು ತೋರಿಸುತ್ತಿತ್ತು. ಕವಾಟ ಯಾವತ್ತೂ ತಿರುಗುತ್ತಿರಲಿಲ್ಲ, ಎಲ್ಲವೂ ಸರಿಯಿದೆ ಎಂದು ಕಾಣುತ್ತಲೇ ಇರುತ್ತಿತ್ತು. ಹಿಂದಿನ ಸಲ ಮಾಪಕ ಸರಿಯಿದ್ದದ್ದು ಖಚಿತವಾಗಿದ್ದ ಹೊತ್ತಿನಿಂದ ಅಂದಿನವರೆಗಿನ ಸರಕನ್ನೆಲ್ಲ ತಡೆಹಿಡಿದೆವು. ಆಕೆಯ ಹೆಸರಿನಲ್ಲಿ ಒಂದು ಬಹುಮಾನವೂ ಬರಲಿಲ್ಲ ಎಂಬುದು ನನಗೆ ಇಂದಿಗೂ ನೋವು. ಹಾಗಾಗಿ ನನ್ನ ಮಟ್ಟಿಗೆ ಒಂದು ಘಟಕ ಸುರಕ್ಷಿತವೇ ಎಂದು ತಿಳಿಯಲು ಕೇಳಬೇಕಾದ ಪ್ರಶ್ನೆ ಇಷ್ಟೇ: ಅತ್ಯಂತ ಕಿರಿಯ ಕೆಲಸಗಾರ ಕಳೆದ ಸಲ ಯಂತ್ರ ನಿಲ್ಲಿಸಿದ್ದು ಯಾವಾಗ, ಆಮೇಲೆ ಅವನಿಗೆ ಏನಾಯಿತು?

ಅಳತೆಗೋಲು

ಈ ಪ್ರಶ್ನೆಯನ್ನು ನನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತೇನೆ. ಆದರೂ ಪ್ರಮಾಣಪತ್ರದ ಬಗ್ಗೆ ನನ್ನ ಅನುಮಾನ ಹಾಗೆಯೇ ಇದೆ.

ಎರಡು ಮಕ್ಕಳ ತಾಯಿ

ಕ್ರಿಮಿಯ ಮಾತೇ ನಡೆಯುತ್ತಿದೆ. ನನ್ನ ಚಿಕ್ಕ ಮಗನಿಗೆ ಕಡಲೆಕಾಯಿ ಅಲರ್ಜಿ. ಅವನ ಪಾಲಿಗೆ ಅತ್ಯಂತ ಶುದ್ಧವಾದ, ತಾಜಾ ಆಹಾರವೂ ಪ್ರಾಣಕ್ಕೆ ಎರವಾಗಬಹುದು. ವರ್ಷಗಳಿಂದ ಕೊಳ್ಳುತ್ತಿದ್ದ ಒಂದು ಬಿಸ್ಕತ್ತಿನ ಪೊಟ್ಟಣ ಒಂದು ದಿನ ನೋಡಲು ಹಾಗೆಯೇ ಇತ್ತು, ಬಣ್ಣವೂ ಅದೇ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಮಾತ್ರ ಹೊಸದೊಂದು ಪದ ಸೇರಿತ್ತು. ಅಂದು ಓದಿದ್ದು ಆಕಸ್ಮಿಕ. ಅಂದಿನಿಂದ ಪ್ರತಿ ಪೊಟ್ಟಣವನ್ನೂ ಪ್ರತಿ ಸಲವೂ ಓದುತ್ತೇನೆ, ನಿನ್ನೆ ತಂದದ್ದಾದರೂ.

ಪಾಳಿ ಮೇಲ್ವಿಚಾರಕ

ನೀವು ಮಾಡುತ್ತಿರುವುದು ನೂರಕ್ಕೆ ನೂರು ಸರಿ. ಮಾರುಕಟ್ಟೆಯಿಂದ ಆಹಾರ ವಾಪಸು ಕರೆಸುವ ಮುಖ್ಯ ಕಾರಣಗಳಲ್ಲಿ ಚೀಟಿಯಲ್ಲಿ ನಮೂದಿಸದ ಅಲರ್ಜಿಕಾರಕವೂ ಒಂದು. ಎಷ್ಟೋ ಸಲ ಆಹಾರದಲ್ಲಿ ದೋಷವೇ ಇರುವುದಿಲ್ಲ. ಹೊದಿಕೆಯ ಸುರುಳಿ ಬದಲಿಸುವಾಗ ಪಕ್ಕದ ಉತ್ಪನ್ನದ ಸುರುಳಿ ಏರಿಸಿರುತ್ತಾರೆ. ಅದಕ್ಕೇ ಸುರುಳಿ ಬದಲಾದ ಕೂಡಲೇ ಮೊದಲ ಪೊಟ್ಟಣವನ್ನು ಹರಿದು ದಾಖಲೆಗೆ ಅಂಟಿಸುವ ಪದ್ಧತಿ ಇದೆ.

ಹಿತ್ತಲ ತೋಟ

ಇಷ್ಟೆಲ್ಲ ತೊಂದರೆ ಬಂದದ್ದೇ ಕಾರ್ಖಾನೆಗಳಿಂದ, ರಾಸಾಯನಿಕಗಳಿಂದ. ಸಹಜವಾದದ್ದನ್ನು ತಿಂದರೆ ಏನೂ ಆಗುವುದಿಲ್ಲ. ಹಾಲಿಗೆ ಮೆಲಮಿನ್ ಎಂಬ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆಸಿದವರು ಯಾರು, ಹಳ್ಳಿಯ ರೈತರೇ?

ನಿವೃತ್ತ ತನಿಖಾಧಿಕಾರಿ

ಮೆಲಮಿನ್ ಮಾತನ್ನು ಒಪ್ಪುತ್ತೇನೆ, ಅದು ನೆನಪಿಟ್ಟುಕೊಳ್ಳಲೇಬೇಕಾದ ಪ್ರಕರಣ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲು ಪರೀಕ್ಷೆಯಲ್ಲಿ ಪಾಸಾಗಲೆಂದು ಮೆಲಮಿನ್ ಹಾಕಿದರು. ಹಾಲಿನ ಪ್ರೋಟೀನನ್ನು ನೇರವಾಗಿ ಅಳೆಯದೆ ಸಾರಜನಕವನ್ನು ಅಳೆದು ಲೆಕ್ಕ ಹಾಕುತ್ತಿದ್ದರು; ಮೆಲಮಿನ್‌ನಲ್ಲಿ ಸಾರಜನಕ ತುಂಬಿಕೊಂಡಿದೆ. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸುಗಳ ಸಾವು ಅಧಿಕೃತವಾಗಿ ದೃಢಪಟ್ಟಿತು. ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದು ಮೋಸಗಾರನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೋಸಕ್ಕೆ ಹಾದಿ ಹಾಲು ಒಟ್ಟುಗೂಡಿಸುವ ಹಂತದಲ್ಲೇ ತೆರೆದಿತ್ತು ಎಂಬುದನ್ನೂ ಮರೆಯಬೇಡಿ.

ಸಹಜವಾದದ್ದೆಲ್ಲ ಸುರಕ್ಷಿತ ಎಂಬುದನ್ನು ಮಾತ್ರ ಒಪ್ಪಲಾರೆ. ಅಫ್ಲಾಟಾಕ್ಸಿನ್ ಕಾಳಿನ ಮೇಲೆ ತಾನಾಗಿ ಬೆಳೆಯುವ ಬೂಷ್ಟಿನ ವಿಷ, ಯಕೃತ್ತಿನ ಕ್ಯಾನ್ಸರ್ ತರುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು ಎನ್ನುವುದು ಅದರಲ್ಲಿ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರಬಹುದೆಂದು. ಜೇನಿನಲ್ಲಿ ಯಾರೂ ಏನೂ ಬೆರೆಸಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಕೆಟ್ಟ ಆಹಾರದಿಂದ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4,20,000 ಜನ ಸಾಯುತ್ತಾರೆ. ಸತ್ತವರಲ್ಲಿ 1,25,000 ಐದು ವರ್ಷದೊಳಗಿನ ಮಕ್ಕಳು. ಕಾಯಿಲೆಗಳಲ್ಲಿ ಬಹುಪಾಲು ಭೇದಿಯವು, ಅಂದರೆ ಕ್ರಿಮಿಗಳಿಂದ ಬಂದವು.

ಹಿತ್ತಲ ತೋಟ

ಜೇನಿನ ವಿಷಯ ನನಗೆ ತಿಳಿದಿರಲಿಲ್ಲ. ಮನೆಯಲ್ಲಿ ಏಳು ತಿಂಗಳ ಮೊಮ್ಮಗಳಿದ್ದಾಳೆ. ಉಳಿದದ್ದರ ಬಗ್ಗೆ ಇನ್ನೂ ವಾದಿಸುತ್ತೇನೆ, ಇದನ್ನು ಮಾತ್ರ ಇಂದೇ ನಿಲ್ಲಿಸುತ್ತೇನೆ.

ಮೌನ ಓದುಗ

ಹಾಗಾದರೆ ಫ್ರಿಜ್‌ನಲ್ಲಿಟ್ಟರೆ ನಿಶ್ಚಿಂತೆಯೇ? ಪೊಟ್ಟಣದ ದಿನಾಂಕ ದಾಟಿದರೆ?

ಸೂಕ್ಷ್ಮದರ್ಶಿ

ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದರೆ ಹೆಚ್ಚಿನ ಕ್ರಿಮಿಗಳ ವೇಗ ಬಹಳ ತಗ್ಗುತ್ತದೆ, ಆದರೆ ಅವು ಸಾಯುವುದಿಲ್ಲ. ಲಿಸ್ಟೀರಿಯಾ ಅಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. 2017–18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಂಸ್ಕರಿಸಿದ ಮಾಂಸದಿಂದ ಅದು ಹರಡಿ 200ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹಸುಗೂಸುಗಳೇ ಬಹಳ. ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ತಣ್ಣಗೆ ತಿನ್ನುವ ಸಿದ್ಧ ಮಾಂಸದ ಬಗ್ಗೆ ವಿಶೇಷ ಎಚ್ಚರ ಬೇಕು.

ದಿನಾಂಕದಲ್ಲಿ ಎರಡು ಬಗೆ. ‘ಈ ದಿನದೊಳಗೆ ಬಳಸಿ’ ಎಂದಿದ್ದರೆ ಅದು ಸುರಕ್ಷತೆಯ ಮಾತು, ದಾಟಿದರೆ ಎಸೆಯಿರಿ. ‘ಈ ದಿನಕ್ಕೆ ಮೊದಲು ಉತ್ತಮ’ ಎಂದಿದ್ದರೆ ಅದು ರುಚಿ, ಗರಿಗರಿತನದ ಮಾತು. ಪೊಟ್ಟಣವನ್ನು ಒಡೆಯದೆ, ಹೇಳಿದ ಉಷ್ಣತೆಯಲ್ಲಿ ಇಟ್ಟಿದ್ದರೆ ಮಾತ್ರ ಈ ಎರಡೂ ದಿನಾಂಕಗಳು ಅನ್ವಯ.

ಅಡುಗೆಮನೆಯವಳು

ಎಲ್ಲರಿಗೂ ಕೃತಜ್ಞತೆಗಳು. ಓದಿದ ಮೇಲೆ ಸುಮ್ಮನಿರಲಾಗದೆ ಮುಳ್ಳಿನಂಥ ಕಡ್ಡಿಯಿರುವ ಒಂದು ಅಡುಗೆ ಉಷ್ಣಮಾಪಕ ಕೊಂಡೆ. ನಿನ್ನೆ ಅದೇ ಪಾತ್ರೆಯಲ್ಲಿ ಅಷ್ಟೇ ಅನ್ನ ಮಾಡಿ, ತಿನ್ನಲು ಅಲ್ಲ, ಅಳೆಯಲು, ಅಲ್ಲೇ ಒಲೆಯ ಪಕ್ಕ ಮುಚ್ಚಿಟ್ಟೆ. ನಾಲ್ಕು ಗಂಟೆಯ ಮೇಲೂ ನಡುವಿನಲ್ಲಿ 46 ಡಿಗ್ರಿ. ಏಳು ಗಂಟೆಗೆ 37. ಅಂಚಿನಲ್ಲಿ ಕೈಯಿಟ್ಟರೆ ತಣ್ಣಗಿತ್ತು! ಆ ರಾತ್ರಿ ನಾನು ಮಲಗಿದ್ದಾಗ ಒಳಗೆ ಏನು ನಡೆದಿತ್ತೆಂದು ಈಗ ಕಣ್ಣಿಗೆ ಕಟ್ಟುತ್ತದೆ.

ಇಂದು ಅಷ್ಟೇ ಅನ್ನವನ್ನು ನಾಲ್ಕು ಅಗಲ ತಟ್ಟೆಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿದೆ. ಹಬೆ ನಿಂತ ಮೇಲೆ ಫ್ರಿಜ್‌ಗೆ ಇಟ್ಟೆ. 21 ಡಿಗ್ರಿ ಮುಟ್ಟಲು ಒಂದು ಗಂಟೆ ಹತ್ತು ನಿಮಿಷ. ಒಂದು ಸಂದೇಹ: ತಟ್ಟೆಗಳನ್ನು ಮುಚ್ಚಬೇಕೇ, ತೆರೆದಿಡಬೇಕೇ? ಬಿಸಿ ಇರುವಾಗ ಫ್ರಿಜ್‌ಗೆ ಇಟ್ಟರೆ ಫ್ರಿಜ್ ಹಾಳಾಗುತ್ತದೆ ಎನ್ನುತ್ತಾರಲ್ಲ?

ಪಾಳಿ ಮೇಲ್ವಿಚಾರಕ

ಒಳ್ಳೆಯ ಅಳತೆ. ಅಮೆರಿಕದ ಆಹಾರ ಸಂಹಿತೆ ವೃತ್ತಿಪರ ಅಡುಗೆಮನೆಗಳಿಗೆ ಹೇಳುವುದು 57ರಿಂದ 21 ಡಿಗ್ರಿಗೆ ಎರಡು ಗಂಟೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆ. ನೀವು ಮೊದಲ ಹಂತವನ್ನು ಮಿತಿಯೊಳಗೇ ಆರಾಮವಾಗಿ ಮುಗಿಸಿದ್ದೀರಿ. ಮೊದಲು ಸಡಿಲವಾಗಿ ಮುಚ್ಚಿ, ಹಬೆ ಹೋಗಲು ಅಂಚು ಬಿಡಿ. ಪೂರ್ತಿ ತಣ್ಣಗಾದ ಮೇಲೆ ಬಿಗಿಯಾಗಿ ಮುಚ್ಚಿ. ಕೆಳಗಿನ ಅಂತಸ್ತಿನಲ್ಲಿ ಹಸಿ ಮಾಂಸ ಇದ್ದರೆ ಇರಲಿ, ಮೇಲಿನ ಅಂತಸ್ತಿನಲ್ಲಿ ಮಾತ್ರ ಬೇಡ, ಅದರ ರಸ ತೊಟ್ಟಿಕ್ಕುತ್ತದೆ. ತೆಳ್ಳಗೆ ಹರಡಿದ ತಟ್ಟೆಯಿಂದ ಫ್ರಿಜ್ ಕೆಡುವುದಿಲ್ಲ. ಆಳದ ಬಿಸಿ ಪಾತ್ರೆಯನ್ನು ಹಾಗೇ ತುರುಕಿದರೆ ಪಕ್ಕದ ಹಾಲು, ಮೊಸರು ಬೆಚ್ಚಗಾಗುತ್ತವೆ. ತಟ್ಟೆಗಳ ನಡುವೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಡಿ. 5 ಡಿಗ್ರಿ ಮುಟ್ಟಿದ್ದು ಎಷ್ಟು ಹೊತ್ತಿಗೆ ಎಂದು ನಾಳೆ ಬರೆಯಿರಿ.

ಅಡುಗೆಮನೆಯವಳು

ಬರೆಯುತ್ತೇನೆ. ಉಷ್ಣಮಾಪಕವನ್ನು ಅತ್ತೆಯವರೇ ಹಿಡಿದುಕೊಂಡು ಕುಳಿತಿದ್ದಾರೆ, ಅರ್ಧ ಗಂಟೆಗೊಮ್ಮೆ ಬಾಗಿಲು ತೆಗೆಯಬೇಡಿ ಎಂದರೆ ಕೇಳುತ್ತಿಲ್ಲ. ಈಗ 9 ಇದೆಯಂತೆ.